ಹಿತ್ತಿಲಿಗೆ ಜೇನು ಬರಲಿ



ಕೊಚ್ಚಿ ನಗರದ ಒಂದು ಮನೆಯ ತಾರಸಿಯನ್ನು ಕಲ್ಪಿಸಿಕೊಳ್ಳೋಣ. ಚೀಲಗಳಲ್ಲಿ ಮಣ್ಣು ತುಂಬಿ ಹಾಗಲ ಬಳ್ಳಿಯನ್ನು ಚಪ್ಪರಕ್ಕೆ ಹಬ್ಬಿಸಲಾಗಿದೆ. ಬಳ್ಳಿ ಸೊಂಪಾಗಿದೆ, ಹೂಗಳಿಗೂ ಕೊರತೆಯಿಲ್ಲ. ಆದರೆ ಹೀಚುಗಳು ಬೆಳೆಯದೆ ಹಳದಿಗಟ್ಟಿ ಉದುರುತ್ತಿವೆ. ಗೃಹಿಣಿ ಗೊಬ್ಬರವನ್ನು ಹೆಚ್ಚಿಸುತ್ತಾರೆ. ರೋಗವಿರಬಹುದೆಂದು ಔಷಧ ಸಿಂಪಡಿಸುತ್ತಾರೆ. ಆದರೂ ಹೀಚು ನಿಲ್ಲುವುದಿಲ್ಲ. ಬೆಳಗಿನ ಹೊತ್ತು ಆ ಹೂಗಳ ಬಳಿ ಹತ್ತು ನಿಮಿಷ ಕುಳಿತು ನೋಡಿದರೆ ಕಾರಣ ತಿಳಿದೀತು: ಅಲ್ಲಿಗೆ ಒಂದು ಜೇನುನೊಣವೂ ಬರುತ್ತಿಲ್ಲ.

ಹಾಗಲ, ಸೌತೆ, ಸಿಹಿಗುಂಬಳ ಮೊದಲಾದ ಬಳ್ಳಿಗಳಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಇವುಗಳ ಪರಾಗ ಅಂಟಾಗಿರುವುದರಿಂದ ಗಾಳಿ ಅದನ್ನು ಒಯ್ಯಲಾರದು. ಮುಂಜಾನೆ ಅರಳುವ ಈ ಹೂಗಳ ಬಾಳು ಕೆಲವೇ ಗಂಟೆಗಳದು. ಅಷ್ಟರೊಳಗೆ ಯಾವುದಾದರೂ ಕೀಟ ಗಂಡು ಹೂವಿನ ಪರಾಗವನ್ನು ಹೆಣ್ಣು ಹೂವಿಗೆ ಮುಟ್ಟಿಸಬೇಕು. ಇಲ್ಲವಾದರೆ ಹೀಚು ಉದುರುತ್ತದೆ. ಗಂಡು ಹೂವನ್ನು ಕಿತ್ತು ಹೆಣ್ಣು ಹೂವಿಗೆ ಕೈಯಾರೆ ಸೋಕಿಸಿ ಕಾಯಿ ಪಡೆಯಬಹುದು, ನಿಜ. ಆದರೆ ದಿನವೂ ಪ್ರತಿ ಹೂವಿಗೆ ಈ ಕೆಲಸ ಮಾಡುವ ವ್ಯವಧಾನ ಎಷ್ಟು ಜನರಿಗಿದೆ? ಜೇನು ಅದನ್ನು ಕೂಲಿಯಿಲ್ಲದೆ ಮಾಡುತ್ತದೆ.

ಕೇರಳದಲ್ಲಿ ಹಿಂದೆ ಜೇನನ್ನು ಕರೆಯಬೇಕಾದ ಅಗತ್ಯವೇ ಇರಲಿಲ್ಲ. ಮನೆಯ ಸುತ್ತಲೂ ತೆಂಗು, ಹಲಸು, ಮಾವು, ನುಗ್ಗೆ, ಬಾಳೆಗಳಿಂದ ತುಂಬಿದ ಹಿತ್ತಿಲು ಇರುತ್ತಿತ್ತು. ಮಂಗಳೂರು, ಉಡುಪಿ, ಕಾಸರಗೋಡುಗಳ ಓದುಗರಿಗೆ ಈ ಚಿತ್ರ ಹೊಸದಲ್ಲ. ಫಲ ಕೊಡುವ ತೆಂಗಿನ ಮರ ಹೆಚ್ಚುಕಡಿಮೆ ತಿಂಗಳಿಗೊಂದು ಹೊಸ ಹೊಂಬಾಳೆಯನ್ನು ಬಿಡುವುದರಿಂದ ಜೇನಿಗೆ ವರ್ಷವಿಡೀ ಆಹಾರ ದೊರೆಯುತ್ತಿತ್ತು. ನಗರ ಬೆಳೆದಂತೆ ಹಿತ್ತಿಲುಗಳು ತುಂಡಾದವು, ತೆಂಗು ಉರುಳಿತು. ಉಳಿದ ಅಂಗಳಕ್ಕೆ ಸಿಮೆಂಟಿನ ಬಿಲ್ಲೆಗಳನ್ನು ಹಾಸಲಾಯಿತು. ಜೇನು ಊಟವನ್ನೂ ಕಳೆದುಕೊಂಡಿತು, ಮನೆಯನ್ನೂ ಕಳೆದುಕೊಂಡಿತು.

ಜೇನು ಸಾಕಣೆ ಈ ಸೀಮೆಗೆ ಅಪರಿಚಿತವಲ್ಲ. ತಿರುವನಂತಪುರದ ದಕ್ಷಿಣಕ್ಕಿರುವ, ಆಗ ತಿರುವಾಂಕೂರು ಸಂಸ್ಥಾನಕ್ಕೆ ಸೇರಿದ್ದ ಮಾರ್ತಾಂಡಂನಲ್ಲಿ 1920ರ ದಶಕದಲ್ಲಿಯೇ ಸ್ಪೆನ್ಸರ್ ಹ್ಯಾಚ್ ಅವರು ವೈ.ಎಂ.ಸಿ.ಎ. ಗ್ರಾಮೋದ್ಧಾರ ಕೇಂದ್ರದ ಮೂಲಕ ರೈತರಿಗೆ ಪೆಟ್ಟಿಗೆಯಲ್ಲಿ ಜೇನು ಸಾಕುವುದನ್ನು ಕಲಿಸಿದ್ದರು. ಆದರೆ 1991-92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಕೇರಳ, ಕರ್ನಾಟಕಗಳೆರಡನ್ನೂ ಹೊಕ್ಕು ತುಡುವೆ ಜೇನಿನ ಮರಿಗಳನ್ನು ಕೊಂದಿತು. ಬಹುಪಾಲು ಕುಟುಂಬಗಳು ನಾಶವಾಗಿ ಸಾವಿರಾರು ಪೆಟ್ಟಿಗೆಗಳು ಬರಿದಾದವು. ಇದ್ದಾಗ ಕಾಣದ ಜೇನಿನ ಬೆಲೆ ಇಲ್ಲವಾದಾಗ ಜನರಿಗೆ ತಿಳಿಯಿತು.

ನಗರದ ಮನೆಗೆ ಎಂತಹ ಜೇನು ಸೂಕ್ತ? ಹೆಜ್ಜೇನು ಎತ್ತರದ ಕಟ್ಟಡಗಳಲ್ಲಿ, ಮರಗಳಲ್ಲಿ ಹುಟ್ಟು ಕಟ್ಟುತ್ತದೆ, ಅದನ್ನು ಕೆಣಕಬಾರದು. ಕೋಲುಜೇನು ಪೊದೆಯ ಕೊಂಬೆಯನ್ನು ಆಶ್ರಯಿಸುತ್ತದೆ. ತುಡುವೆಯನ್ನು ಪೆಟ್ಟಿಗೆಯಲ್ಲಿ ಸಾಕಲು ತರಬೇತಿ ಬೇಕು. ಮಕ್ಕಳು, ವೃದ್ಧರು ಇರುವ ಇಕ್ಕಟ್ಟಿನ ಮನೆಗೆ ಹೇಳಿ ಮಾಡಿಸಿದ್ದು ಮುಜಂಟಿ, ಅಂದರೆ ನಸರಿ ಜೇನು. ಮಲಯಾಳದಲ್ಲಿ ಇದಕ್ಕೆ ‘ಚೆರುತೇನೀಚ’ ಎಂದು ಹೆಸರು. ಇದು ಕುಟುಕುವುದಿಲ್ಲ. ಗೋಡೆಯ ಬಿರುಕು, ಮರದ ಪೊಟರೆ, ಕೆಲವೊಮ್ಮೆ ವಿದ್ಯುತ್ ಮೀಟರಿನ ಪೆಟ್ಟಿಗೆಯೊಳಗೂ ವಾಸಿಸಿ, ಬಾಗಿಲಿಗೆ ಮೇಣ ಮತ್ತು ಅಂಟಿನ ಪುಟ್ಟ ಕೊಳವೆಯನ್ನು ಕಟ್ಟಿಕೊಳ್ಳುತ್ತದೆ. ವರ್ಷಕ್ಕೆ ದೊರೆಯುವ ಜೇನುತುಪ್ಪ ಕೆಲವು ನೂರು ಗ್ರಾಂ ಮಾತ್ರ. ಹೂವಿಗೆ ಅದು ಮಾಡುವ ಸೇವೆಯೇ ದೊಡ್ಡದು. ತಿರುವನಂತಪುರದ ವೆಳ್ಳಾಯಣಿ ಕೃಷಿ ಕಾಲೇಜಿನಲ್ಲಿ ಈ ಜೇನಿನ ಸಾಕಣೆಯ ಕುರಿತು ಸಂಶೋಧನೆ ನಡೆದಿದೆ. ಬಿದಿರಿನ ಅಂಡೆ, ಮಣ್ಣಿನ ಮಡಕೆ, ಚಿಕ್ಕ ಮರದ ಪೆಟ್ಟಿಗೆಗಳಲ್ಲಿ ಇದನ್ನು ನೆಲೆಗೊಳಿಸಬಹುದು.

ಜೇನನ್ನು ಹಿತ್ತಿಲಿಗೆ ಬರಮಾಡಿಕೊಳ್ಳಲು ನಾಲ್ಕು ಏರ್ಪಾಡುಗಳು ಅವಶ್ಯ.

ಮೊದಲನೆಯದು ಆಹಾರ. ಮುಜಂಟಿ ಕೆಲವು ನೂರು ಮೀಟರುಗಳಾಚೆಗೆ ಹೋಗುವುದು ಅಪರೂಪ. ಆದ್ದರಿಂದ ಹೂ ಹತ್ತಿರದಲ್ಲಿಯೇ ಇರಬೇಕು, ವರ್ಷವಿಡೀ ಇರಬೇಕು. ತುಳಸಿ, ತುಂಬೆ, ನುಗ್ಗೆ, ಕರಿಬೇವು, ನಿಂಬೆ, ಪೇರಲೆ, ಸೂರ್ಯಕಾಂತಿ ಇವೆಲ್ಲ ಜೇನಿಗೆ ಪ್ರಿಯವಾದವು. ಕೊತ್ತಂಬರಿ, ಸಾಸಿವೆಗಳ ನಾಲ್ಕು ಗಿಡಗಳನ್ನು ಕೀಳದೆ ಹೂ ಬಿಡಲು ಬಿಟ್ಟರೆ ಅದೂ ಜೇನಿಗೆ ಊಟ. ಅಂದಕ್ಕಾಗಿ ಬೆಳೆಸುವ, ಎಸಳುಗಳು ಒತ್ತೊತ್ತಾಗಿರುವ ಹೂಗಳಲ್ಲಿ ಮಕರಂದ ಸಾಮಾನ್ಯವಾಗಿ ಕಡಿಮೆ. ಒಂದೇ ಸುತ್ತಿನ ಎಸಳಿನ ಹೂ ಲೇಸು. ಜೂನ್‌ನಿಂದ ಆಗಸ್ಟ್‌ವರೆಗಿನ ಮುಂಗಾರು ಜೇನಿಗೆ ಬರಗಾಲ. ಆಗ ಹೂ ಮನೆಯ ಬಳಿಯಲ್ಲಿದ್ದರೆ, ಮಳೆ ಬಿಟ್ಟ ಅರ್ಧ ಗಂಟೆಯೂ ಅದಕ್ಕೆ ಉಪಯುಕ್ತವಾಗುತ್ತದೆ.

ಎರಡನೆಯದು ವಸತಿ. ಟೊಮೆಟೊ, ಬದನೆ ಹೂಗಳು ಪರಾಗವನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ; ಮೈ ಝೇಂಕರಿಸಿ ಹೂವನ್ನು ನಡುಗಿಸುವ ಒಂಟಿ ಜೇನುಗಳು ಅದನ್ನು ಉದುರಿಸುತ್ತವೆ. ಇವುಗಳಲ್ಲಿ ಕೆಲವು ಒಣಮರ, ಬಿದಿರುಗಳನ್ನು ಕೊರೆದು, ಕೆಲವು ಬರಿಯ ಮಣ್ಣಿನಲ್ಲಿ ಬಿಲ ತೋಡಿ ಮೊಟ್ಟೆಯಿಡುತ್ತವೆ. ಆದ್ದರಿಂದ ಅಂಗಳದ ಒಂದು ಮೂಲೆಯನ್ನಾದರೂ ಸಿಮೆಂಟು ಹಾಸದೆ ಬಿಡಬೇಕು. ಹಳೆಯ ಮನೆಯನ್ನು ಕೆಡವುವ ಮುನ್ನ ಗೋಡೆಯಲ್ಲಿ ಮುಜಂಟಿ ಇದೆಯೇ ಎಂದು ನೋಡಿ, ಬಲ್ಲವರಿಂದ ಅದನ್ನು ಪೆಟ್ಟಿಗೆಗೆ ವರ್ಗಾಯಿಸಬೇಕು.

ಮೂರನೆಯದು ನೀರು. ಆಳವಿಲ್ಲದ ತಟ್ಟೆಯಲ್ಲಿ ಬೆಣಚುಕಲ್ಲುಗಳನ್ನಿಟ್ಟು ನೀರು ತುಂಬಿಸಿದರೆ ಜೇನು ಕಲ್ಲಿನ ಮೇಲೆ ಕುಳಿತು ಕುಡಿಯುತ್ತದೆ. ಡೆಂಗಿ ಹರಡುವ ಸೊಳ್ಳೆ ಹುಟ್ಟದಂತೆ ಎರಡು ದಿನಕ್ಕೊಮ್ಮೆ ತಟ್ಟೆಯನ್ನು ಉಜ್ಜಿ ತೊಳೆದು ನೀರನ್ನು ಬದಲಿಸಬೇಕು.

ನಾಲ್ಕನೆಯದು ಮತ್ತು ಎಲ್ಲಕ್ಕಿಂತ ಮುಖ್ಯವಾದುದು ವಿಷದಿಂದ ರಕ್ಷಣೆ. ಕಾಸರಗೋಡಿನ ಗೇರುತೋಟಗಳ ಮೇಲೆ ಎರಡು ದಶಕಗಳಿಗೂ ಹೆಚ್ಚು ಕಾಲ ಆಕಾಶದಿಂದ ಎಂಡೋಸಲ್ಫಾನ್ ಸುರಿಯಿತು. ಅಲ್ಲಿನ ಜನ ಅನುಭವಿಸಿದ ಯಾತನೆಯನ್ನು ಕನ್ನಡಿಗರು ಬಲ್ಲರು. ಆ ಸಿಂಪಡಣೆ 2000ದ ಹೊತ್ತಿಗೆ ನಿಂತಿತು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ದೇಶದಾದ್ಯಂತ ಆ ವಿಷವನ್ನು ತಡೆಹಿಡಿಯಿತು. ಮನೆಯ ತಾರಸಿಯ ಮೇಲಿನ ಚಿಕ್ಕ ಪಂಪು ಮಾಡುವ ಅನಾಹುತ ಅಷ್ಟು ದೊಡ್ಡದಲ್ಲವಾದರೂ, ಅರಳಿದ ಹೂವಿನ ಮೇಲೆ ಬಿದ್ದ ವಿಷ ಬಂದ ಜೇನನ್ನು ಕೊಲ್ಲದೆ ಬಿಡದು. ಹುಳುಗಳನ್ನು ಕೈಯಿಂದ ಆರಿಸಿ ತೆಗೆಯುವುದು ಮೊದಲ ಉಪಾಯ. ಬೇವಿನೆಣ್ಣೆಯ ದ್ರಾವಣ ಅನಿವಾರ್ಯವಾದರೂ, ಹೂ ಮುದುಡಿ ಜೇನು ಗೂಡು ಸೇರಿದ ಸಂಜೆಯ ಹೊತ್ತಿನಲ್ಲಷ್ಟೇ ಅದನ್ನು ಬಳಸಬೇಕು.

ವಿಶ್ವಸಂಸ್ಥೆ 2017ರಲ್ಲಿ ಮೇ 20ನ್ನು ವಿಶ್ವ ಜೇನುನೊಣ ದಿನವೆಂದು ಸಾರಿತು. ಭಾರತ ಸರ್ಕಾರ 2020ರಲ್ಲಿ ರಾಷ್ಟ್ರೀಯ ಜೇನುಸಾಕಣೆ ಮತ್ತು ಜೇನು ಅಭಿಯಾನವನ್ನು ಕೈಗೆತ್ತಿಕೊಂಡಿತು. ಇಂತಹ ಯೋಜನೆಗಳು ಸಾಕುವವರಿಗೆ ಆಸರೆಯಾಗುತ್ತವೆ. ಆದರೆ ನಗರದ ಜೇನು ಉಳಿಯುವುದು ಒಂದು ಮನೆಯಿಂದಲ್ಲ, ಒಂದು ಬೀದಿಯಿಂದ. ಒಂದು ಮನೆಯವರು ತುಳಸಿ ಬೆಳೆಸಿ, ಪಕ್ಕದ ಮನೆಯವರು ವಿಷ ಸಿಂಪಡಿಸಿದರೆ ಫಲವಿಲ್ಲ. ನೆರೆಹೊರೆಯವರು ಕೂಡಿ ಮಾತನಾಡಿಕೊಂಡರೆ, ಆ ಕೊಚ್ಚಿಯ ತಾರಸಿಯ ಹಾಗಲ ಬಳ್ಳಿಗೆ ಒಂದು ಮುಂಜಾನೆ ಅತಿಥಿ ಬಂದೇ ಬರುತ್ತದೆ. ಮರುವಾರ ಹೀಚು ಕಾಯಾಗುತ್ತದೆ.