ಪರದೇಶದ ಕಾನೂನು ಮತ್ತು ನಮ್ಮ ದನಿ
(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ಒಂದು ದೇಶದ ಶಾಸನವನ್ನು ಬದಲಿಸಲು ಹೊರಗಿನವರು ಒತ್ತಡ ತರಬಹುದೇ ಎಂಬ ವಿಷಯದ ಮೇಲೆ ಬೆಳಿಗ್ಗೆ ಇದೇ ವೇದಿಕೆಯಲ್ಲಿ ಚರ್ಚಾಸ್ಪರ್ಧೆ ನಡೆಯಿತು. ಅನ್ಯಾಯಕ್ಕೆ ಗಡಿಯಿಲ್ಲ ಎಂದರು ಕೆಲವರು. ನಮ್ಮ ಮನೆಯ ವಿಷಯದಲ್ಲಿ ನೆರೆಮನೆಯವನಿಗೇನು ಕೆಲಸ ಎಂದರು ಉಳಿದವರು. ಚಪ್ಪಾಳೆ ಎರಡೂ ಕಡೆಗೆ ಚೆನ್ನಾಗಿಯೇ ಬಿತ್ತು. ಆದರೆ ಆ ಕಾನೂನಿನಡಿ ದಿನ ಕಳೆಯಬೇಕಾದವರ ಮಾತನ್ನು ಎರಡೂ ತಂಡದವರು ಎತ್ತಲಿಲ್ಲ. ನಾನು ಅಲ್ಲಿಂದ ಶುರು ಮಾಡುತ್ತೇನೆ.

ಫ್ರಾನ್ಸಿನ ಸರ್ಕಾರಿ ಶಾಲೆಗಳಲ್ಲಿ ಶಿರವಸ್ತ್ರವೂ ಸೇರಿದಂತೆ ಎದ್ದು ಕಾಣುವ ಧಾರ್ಮಿಕ ಚಿಹ್ನೆಗಳನ್ನು ನಿಷೇಧಿಸುವ ಕಾನೂನು 2004ರ ಮಾರ್ಚ್ 15ರಂದು ಬಂತು. ಅಲ್ಲಿನ ಕೆಳಮನೆಯಲ್ಲಿ ಪರವಾಗಿ 494 ಮತ, ವಿರುದ್ಧ 36. ಅದಕ್ಕೂ ಮೊದಲೇ, 2003ರ ಡಿಸೆಂಬರ್ ಕೊನೆಯಲ್ಲಿ, ಅಂದಿನ ಗೃಹಮಂತ್ರಿ ನಿಕೋಲಾ ಸರ್ಕೋಜಿ ಕೈರೋಗೆ ಹೋಗಿ ಅಲ್ ಅಝ್ಹರ್‌ನ ಮುಖ್ಯಸ್ಥ ಶೇಖ್ ತಂತಾವಿಯವರನ್ನು ಕಂಡರು. ಹಿಜಾಬ್ ಮುಸ್ಲಿಂ ಮಹಿಳೆಯ ಕರ್ತವ್ಯವೇ, ಆದರೆ ಮುಸ್ಲಿಮೇತರ ದೇಶಕ್ಕೆ ತನ್ನ ಕಾನೂನು ಮಾಡಿಕೊಳ್ಳುವ ಹಕ್ಕಿದೆ, ಅಲ್ಲಿನ ಹೆಣ್ಣುಮಕ್ಕಳಿಗೆ ಅನಿವಾರ್ಯತೆಯ ರಿಯಾಯಿತಿ ಇದೆ ಎಂದು ಶೇಖ್ ಹೇಳಿದರು. ಈಜಿಪ್ಟಿನಲ್ಲೇ ಹಲವು ವಿದ್ವಾಂಸರು ಇದನ್ನು ಒಪ್ಪಲಿಲ್ಲ. ನನಗೆ ಸೋಜಿಗವೆನಿಸುವುದು ಬೇರೆ ಸಂಗತಿ. ಇದು ನಮ್ಮ ಆಂತರಿಕ ವಿಷಯ ಎನ್ನುವ ಸರ್ಕಾರದ ಮಂತ್ರಿಯೇ ಪರದೇಶದ ಆಲಿಮರ ಬಾಗಿಲಿಗೆ ಹೋದರು. ಅನುಕೂಲವಾಗುವ ಮಾತಾದರೆ ಹೊರಗಿನವರೂ ಒಳಗಿನವರೇ! ಪ್ಯಾರಿಸಿನ ಶಾಲೆಗೆ ಹೋಗುವ ಹುಡುಗಿಯ ಅಭಿಪ್ರಾಯವನ್ನು ಕೈರೋದಲ್ಲಿ ಪರ ಮಾತಾಡಿದವರೂ ವಿರೋಧಿಸಿದವರೂ ಕೇಳಿದಂತೆ ಕಾಣುವುದಿಲ್ಲ.

ಮುಂದಿನದು ಇದಕ್ಕಿಂತ ಭಯಂಕರ. 2004ರ ಆಗಸ್ಟಿನಲ್ಲಿ ಇರಾಕಿನ ಒಂದು ಸಶಸ್ತ್ರ ಗುಂಪು ಇಬ್ಬರು ಫ್ರೆಂಚ್ ಪತ್ರಕರ್ತರನ್ನು ಅಪಹರಿಸಿ, 48 ಗಂಟೆಯೊಳಗೆ ಶಿರವಸ್ತ್ರದ ಕಾನೂನನ್ನು ರದ್ದು ಮಾಡಿ ಎಂದು ಗಡುವು ಹಾಕಿತು. ಕಾನೂನು ಜಾರಿಯಾಗುವ ಮೊದಲ ಶಾಲಾ ದಿನಕ್ಕೆ ಆಗ ಕೆಲವೇ ದಿನಗಳಿದ್ದವು. ಫ್ರಾನ್ಸಿನ ಮುಸ್ಲಿಂ ಸಂಘಟನೆಗಳು, ಆ ಕಾನೂನನ್ನು ಕಟುವಾಗಿ ವಿರೋಧಿಸಿದ್ದವು ಸಹ, ಅಪಹರಣಕಾರರನ್ನು ಒಂದೇ ದನಿಯಲ್ಲಿ ಖಂಡಿಸಿದವು. ಅಲ್ಲಿನ ಮುಸ್ಲಿಂ ಮಂಡಳಿಯ ನಿಯೋಗವೊಂದು ಪ್ರಾಣದ ಹಂಗು ತೊರೆದು ಬಗ್ದಾದಿಗೇ ಹೋಯಿತು. ಇದು ನಮ್ಮ ಮತ್ತು ನಮ್ಮ ಸರ್ಕಾರದ ನಡುವಿನ ವ್ಯಾಜ್ಯ, ನಮ್ಮ ಹೆಸರಿನಲ್ಲಿ ಯಾರ ರಕ್ತವೂ ಬೇಡ ಎಂಬುದು ಅವರ ನಿಲುವಾಗಿತ್ತು. ಪತ್ರಕರ್ತರು ಡಿಸೆಂಬರಿನಲ್ಲಿ ಬಿಡುಗಡೆಯಾದರು. ಆದರೆ ಶಾಲೆ ತೆರೆದ ದಿನ ಕಾನೂನನ್ನು ವಿರೋಧಿಸುವುದೆಂದರೆ ಅಪಹರಣಕಾರರ ಜೊತೆ ನಿಂತಂತೆ ಕಾಣುವ ಸ್ಥಿತಿ ಬಂದಿತ್ತು. ವರ್ಷಗಟ್ಟಲೆ ಅಲ್ಲಿ ವಾದ ಕಟ್ಟಿದವರ ಬಾಯಿ ಕಟ್ಟಿತು. ಆ ಶೈಕ್ಷಣಿಕ ವರ್ಷದಲ್ಲಿ 44 ಮುಸ್ಲಿಂ ಹುಡುಗಿಯರನ್ನೂ 3 ಸಿಖ್ ಹುಡುಗರನ್ನೂ ಶಾಲೆಯಿಂದ ಹೊರಹಾಕಲಾಯಿತು.

ಹಾಗಾದರೆ ಹೊರಗಿನವರು ಸುಮ್ಮನಿರಬೇಕೇ? ಇಲ್ಲಿ 1946ನ್ನು ನೆನಪಿಸಬೇಕು. ದಕ್ಷಿಣ ಆಫ್ರಿಕಾ ಸರ್ಕಾರ ಆ ವರ್ಷ ಭಾರತೀಯರ ಭೂಮಿಯ ಹಕ್ಕನ್ನು ಕಟ್ಟಿಹಾಕುವ ಕಾನೂನು ತಂದಿತು. ಅಲ್ಲಿನ ಭಾರತೀಯರ ನಿಯೋಗವೇ ಇಲ್ಲಿಗೆ ಬಂದು ನೆರವು ಕೇಳಿತು. ಡಾ. ಯೂಸುಫ್ ದಾದೂ, ಡಾ. ನಾಯ್ಕರ್ ಮುಂತಾದವರ ಮುಂದಾಳತ್ವದಲ್ಲಿ ಅಲ್ಲಿ ಸತ್ಯಾಗ್ರಹ ಶುರುವಾಯಿತು. ಭಾರತ ಆ ದೇಶದೊಂದಿಗೆ ವ್ಯಾಪಾರ ನಿಲ್ಲಿಸಿತು, ವಿಶ್ವಸಂಸ್ಥೆಗೆ ದೂರು ಕೊಟ್ಟಿತು. ದಕ್ಷಿಣ ಆಫ್ರಿಕಾದ ಉತ್ತರ ಒಂದೇ: ಇದು ನಮ್ಮ ಆಂತರಿಕ ವಿಷಯ. ವಿಜಯಲಕ್ಷ್ಮಿ ಪಂಡಿತರು ನೇತೃತ್ವ ವಹಿಸಿದ್ದ ನಮ್ಮ ನಿಯೋಗ ಅದನ್ನು ಒಪ್ಪಲಿಲ್ಲ, ಡಿಸೆಂಬರಿನಲ್ಲಿ ಮಹಾಸಭೆ ಭಾರತದ ಪರ ನಿರ್ಣಯ ಮಾಡಿತು. ಕಾನೂನೇನೋ ಕೂಡಲೇ ಬದಲಾಗಲಿಲ್ಲ. ಆದರೆ ಜೈಲಿಗೆ ಹೋಗುತ್ತಿದ್ದವರಿಗೆ ಅದರಿಂದ ಬಲ ಬಂತು, ಏಕೆಂದರೆ ಕೇಳಿದವರು ಅವರೇ.

ನಮ್ಮ ರಾಜ್ಯದಲ್ಲಿ 2022ರ ಫೆಬ್ರವರಿ 5ರ ಸಮವಸ್ತ್ರದ ಆದೇಶದ ನಂತರ ಪಾಕಿಸ್ತಾನ ನಮ್ಮ ರಾಜತಾಂತ್ರಿಕರನ್ನು ಕರೆಸಿ ಆಕ್ಷೇಪ ಹೇಳಿತು, ಇಸ್ಲಾಮಿಕ್ ಸಹಕಾರ ಸಂಘಟನೆ ಹೇಳಿಕೆ ಕೊಟ್ಟಿತು. ಹೊರಗಿನವರ ಟೀಕೆ ಬೇಡ ಎಂದು ದೆಹಲಿ ಉತ್ತರಿಸಿತು. ಇದೇ ದೆಹಲಿ 2008ರಲ್ಲಿ ಸಿಖ್ಖರ ಪೇಟದ ವಿಷಯವನ್ನು ಸರ್ಕೋಜಿಯವರ ಮುಂದೆ ಎತ್ತಿತ್ತು ಎಂಬುದೂ ನೆನಪಿರಲಿ. ನಮ್ಮ ಹುಡುಗಿಯರು ಹೈಕೋರ್ಟಿಗೆ ಹೋದದ್ದು ಸಂವಿಧಾನದ 25ನೇ ವಿಧಿಯನ್ನು ಹಿಡಿದು. ಇಸ್ಲಾಮಾಬಾದಿನ ಹೇಳಿಕೆಯಿಂದ ಅವರ ಅರ್ಜಿಗೆ ಒಂದಕ್ಷರದ ಬಲವೂ ಬರಲಿಲ್ಲ. ನೀವು ಯಾರ ಕಡೆಯವರು ಎಂದು ಕೇಳಲು ಕಾದಿದ್ದವರಿಗೆ ಮಾತ್ರ ಅನುಕೂಲವಾಯಿತು. ಹೈಕೋರ್ಟ್ ತೀರ್ಪು ಬಂದದ್ದೂ ಮಾರ್ಚ್ 15ರಂದೇ, ಫ್ರಾನ್ಸಿನ ಕಾನೂನಿಗೆ ಸರಿಯಾಗಿ 18 ವರ್ಷದ ಮೇಲೆ. ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಅಭಿಪ್ರಾಯ ಒಡೆಯಿತು. ಹೆಣ್ಣುಮಕ್ಕಳ ಓದನ್ನೇ ಮುಖ್ಯವಾಗಿ ನೋಡಿದ ನ್ಯಾಯಮೂರ್ತಿ ಧುಲಿಯಾ ಅವರ ತೀರ್ಪನ್ನು ವಿದ್ಯಾರ್ಥಿಗಳು ಓದಬೇಕು.

ಇನ್ನು ನಮಗೆ ಇರಿಸುಮುರಿಸಾಗುವ ಮಾತು. ತಾಲಿಬಾನರು 2021ರಲ್ಲಿ ಆರನೇ ತರಗತಿಯ ಮೇಲೆ ಹುಡುಗಿಯರಿಗೆ ಶಾಲೆ ಮುಚ್ಚಿದರು, 2022ರ ಡಿಸೆಂಬರಿನಲ್ಲಿ ವಿಶ್ವವಿದ್ಯಾಲಯವನ್ನೂ ಮುಚ್ಚಿದರು. ಅಲ್ಲಿ ಅರ್ಜಿ ಹಾಕಲು ಕೋರ್ಟಿಲ್ಲ, ಮತ ಹಾಕಲು ಚುನಾವಣೆಯಿಲ್ಲ. ಬೀದಿಗಿಳಿದ ಆಫ್ಘನ್ ಮಹಿಳೆಯರು ಏಟು ತಿಂದರು, ಹೊರಗಿನವರೇ, ಮಾತಾಡಿ ಎಂದು ಅವರೇ ಕೇಳಿದರು. ಹೆಣ್ಣುಮಕ್ಕಳಿಗೆ ಓದು ಬೇಕೆಂದೇ ಇಂಥ ಸಂಘಗಳನ್ನು ನಾವು ಕಟ್ಟಿಕೊಂಡಿರುವಾಗ, ಅದು ಅವರ ಆಂತರಿಕ ವಿಷಯ ಎಂದು ನಾವು ಯಾವ ಬಾಯಲ್ಲಿ ಹೇಳೋಣ? ಅಕ್ಷರ ಕಲಿಯುವುದಕ್ಕೆ ದೀನ್ ಅಡ್ಡಿ ಎಂದು ಯಾರಾದರೂ ಹೇಳಿದರೆ, ಇಲ್ಲ ಎನ್ನಬೇಕಾದವರಲ್ಲಿ ಮೊದಲಿಗರು ನಾವು.

ಈ ಬಗ್ಗೆ ಅರ್ಧ ಪುಟದ ನಿರ್ಣಯದ ಕರಡೊಂದನ್ನು ಬರೆದು ತಂದಿದ್ದೇನೆ. ಯಾರನ್ನೂ ಬೈದಿಲ್ಲ, ಶಾಲೆಯ ಬಾಗಿಲು ತೆರೆಯಿರಿ ಎಂದಷ್ಟೇ ಇದೆ. ಮಧ್ಯಾಹ್ನದ ಸರ್ವಸದಸ್ಯರ ಸಭೆಯಲ್ಲಿ ಅಧ್ಯಕ್ಷರು ಅನುಮತಿ ಕೊಟ್ಟರೆ ಓದುತ್ತೇನೆ. ಒಪ್ಪದವರು ಅಲ್ಲಿಯೇ ಎದ್ದು ಹೇಳಲಿ.