ಅರವತ್ತು ಪೌಂಡಿನ ಫಿರಂಗಿ ಕಲಿಸಿದ ಲೆಕ್ಕ

(ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ವಿಜ್ಞಾನ ಮತ್ತು ಸಮಾಜ ಎಂಬ ವಿಷಯದ ಮೇಲೆ ಮಾತನಾಡಲು ನನಗೆ ತಿಳಿಸಲಾಗಿದೆ. ಇದು ಬಹಳ ವಿಶಾಲವಾದ ವಿಷಯ. ಆದುದರಿಂದ ಒಂದೇ ಒಂದು ವಸ್ತುವನ್ನು ಆರಿಸಿಕೊಂಡು, ಅದರ ಚರಿತ್ರೆಯ ಮೂಲಕ ಹೇಳಬೇಕಾದುದನ್ನು ಹೇಳುತ್ತೇನೆ. ಆ ವಸ್ತು ಒಂದು ಫಿರಂಗಿ. ಬ್ರಿಟಿಷ್ ಸೈನ್ಯದಲ್ಲಿ ಅದನ್ನು 'ಅರವತ್ತು ಪೌಂಡರ್' ಎಂದು ಕರೆಯುತ್ತಿದ್ದರು. ಇಲ್ಲಿ ಪೌಂಡು ಎಂದರೆ ಹಣವಲ್ಲ, ಅದು ಹಾರಿಸುವ ಗುಂಡಿನ ತೂಕ. ಅರವತ್ತು ಪೌಂಡು ಎಂದರೆ ಸುಮಾರು 27 ಕಿಲೋ, ಅಂದರೆ ಅರ್ಧ ಮೂಟೆ ಅಕ್ಕಿಗಿಂತ ಸ್ವಲ್ಪ ಹೆಚ್ಚು.

ಈ ಫಿರಂಗಿ ಹುಟ್ಟಿದ್ದು ಒಂದು ಮುಖಭಂಗದಿಂದ. 1899ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಬೋಯರ್ ಯುದ್ಧ ಆರಂಭವಾಯಿತು. ಬೋಯರರು ಬಹುಪಾಲು ರೈತರು. ಜಗತ್ತಿನ ಬಲಾಢ್ಯ ಸಾಮ್ರಾಜ್ಯಕ್ಕೆ ಅವರು ಯಾವ ಲೆಕ್ಕ ಎಂದು ಎಲ್ಲರೂ ಭಾವಿಸಿದ್ದರು. ಆದರೆ ಅವರ ಬಳಿ ಫ್ರಾನ್ಸಿನಿಂದ ಕೊಂಡು ತಂದ, 155 ಮಿಲಿಮೀಟರ್ ಬಾಯಿಯ ನಾಲ್ಕು ದೊಡ್ಡ ಫಿರಂಗಿಗಳಿದ್ದವು. ಬ್ರಿಟಿಷ್ ಸಿಪಾಯಿಗಳು ಅವಕ್ಕೆ 'ಲಾಂಗ್ ಟಾಮ್' ಎಂದು ಹೆಸರಿಟ್ಟರು. ಲೇಡಿಸ್ಮಿತ್ ಪಟ್ಟಣದ ಸುತ್ತಲಿನ ಗುಡ್ಡಗಳಿಂದ ಅವು ಗುಂಡು ಹಾರಿಸಿದಾಗ, ಬ್ರಿಟಿಷರ ಮೈದಾನದ ಫಿರಂಗಿಗಳ ಗುಂಡು ಆ ಗುಡ್ಡಗಳನ್ನು ಮುಟ್ಟಲೇ ಇಲ್ಲ. ಕೊನೆಗೆ ಹಡಗಿನ ಫಿರಂಗಿಗಳನ್ನು ಇಳಿಸಬೇಕಾಯಿತು. ನೌಕಾಪಡೆಯ ಕ್ಯಾಪ್ಟನ್ ಪರ್ಸಿ ಸ್ಕಾಟ್ ಅವುಗಳನ್ನು ನೆಲದ ಮೇಲೆ ಬಳಸಲು ತರಾತುರಿಯಲ್ಲಿ ಗಾಡಿಗಳನ್ನೂ ಮರದ ಪೀಠಗಳನ್ನೂ ಮಾಡಿಸಿದ. ಪಟ್ಟಣವನ್ನು ಉಳಿಸಿಕೊಳ್ಳಲು ಅವು ನೆರವಾದವು.

ಸೋತವನು ನೆಪ ಹೇಳಬಹುದು ಅಥವಾ ಕಲಿಯಬಹುದು. ಇಂಗ್ಲೆಂಡು ಕಲಿಯುವ ದಾರಿ ಹಿಡಿಯಿತು. ದಕ್ಷಿಣ ಆಫ್ರಿಕಾದಲ್ಲಿ ಭಾರೀ ಫಿರಂಗಿಗಳ ಅನುಭವ ಪಡೆದು ಬಂದ ಅಧಿಕಾರಿಗಳದ್ದೇ ಒಂದು ಸಮಿತಿ ರಚನೆಯಾಯಿತು. ಗುಂಡು ಹತ್ತು ಸಾವಿರ ಗಜ, ಎಂದರೆ ಒಂಬತ್ತು ಕಿಲೋಮೀಟರಿಗೂ ಹೆಚ್ಚು ದೂರ ಹೋಗಬೇಕು, ಆದರೂ ಫಿರಂಗಿಯನ್ನು ಕುದುರೆಗಳೇ ಎಳೆಯುವಂತಿರಬೇಕು ಎಂಬುದು ಅವರ ಬೇಡಿಕೆ. ಎಲ್ಸ್‌ವಿಕ್ ಆರ್ಡ್‌ನನ್ಸ್ ಕಂಪೆನಿಯ ಮಾದರಿ ಒಪ್ಪಿಗೆಯಾಗಿ, 1905ರಲ್ಲಿ ಈ ಫಿರಂಗಿ ಸೈನ್ಯಕ್ಕೆ ಸೇರಿತು. ಇದರ ಬಾಯಿ ಐದು ಅಂಗುಲ, ತೂಕ ನಾಲ್ಕು ಟನ್ನಿಗೂ ಮೇಲೆ, ಎಳೆಯಲು ಎಂಟು ದೊಡ್ಡ ಕುದುರೆಗಳು. ಗುಂಡು ಹಾರಿದಾಗ ಇಡೀ ಗಾಡಿ ಹಿಂದಕ್ಕೆ ಓಡದಂತೆ, ನಳಿಗೆ ಮಾತ್ರ ಹಿಂದೆ ಸರಿದು ಮತ್ತೆ ಸ್ವಸ್ಥಾನಕ್ಕೆ ಬರುವ ಎಣ್ಣೆ ಮತ್ತು ಸ್ಪ್ರಿಂಗಿನ ವ್ಯವಸ್ಥೆ ಇದರಲ್ಲಿತ್ತು. ಸಾಗಿಸುವಾಗ ನಳಿಗೆಯನ್ನು ಹಿಂದಕ್ಕೆ ಎಳೆದು ಭದ್ರಪಡಿಸಿದರೆ ಭಾರ ಎಲ್ಲ ಚಕ್ರಗಳ ಮೇಲೂ ಹಂಚಿಹೋಗುತ್ತಿತ್ತು.

1914ರಲ್ಲಿ ಮೊದಲ ಮಹಾಯುದ್ಧ ಆರಂಭವಾದಾಗ ಬ್ರಿಟನ್ನಿನ ಪ್ರತಿಯೊಂದು ಕಾಲಾಳು ಡಿವಿಜನ್ನಿಗೆ ಇಂಥ ನಾಲ್ಕು ಫಿರಂಗಿಗಳಿದ್ದವು. ಆ ಯುದ್ಧಕ್ಕೆ ಅದು ಏನೇನೂ ಸಾಲಲಿಲ್ಲ. ಬೇಗ ಬೇಗ ತಯಾರಿಸಲೆಂದು ಗಾಡಿಯ ರಚನೆಯನ್ನು ಸರಳಗೊಳಿಸಿದರು, ನಳಿಗೆಯನ್ನು ಹಿಂದೆಳೆಯುವ ಏರ್ಪಾಡನ್ನು ಕೈಬಿಟ್ಟರು. ಕಾರ್ಖಾನೆಗೆ ಇದರಿಂದ ಅನುಕೂಲವಾಯಿತು, ಕಷ್ಟ ಬಂದದ್ದು ದಾರಿಯಲ್ಲಿ. ಭಾರವೆಲ್ಲ ಫಿರಂಗಿಯ ಚಕ್ರಗಳ ಮೇಲೆಯೇ ಬಿತ್ತು. ಚಕ್ರಗಳನ್ನು ದೊಡ್ಡದು ಮಾಡಿದರೆ ತೂಕ ಇನ್ನೂ ಏರಿತು, ಕುದುರೆಗಳ ಬದಲು ಟ್ರಾಕ್ಟರ್ ಬೇಕಾಯಿತು. ಮುಂದಿನ ಮಾದರಿಯಲ್ಲಿ ನಳಿಗೆಯನ್ನು ಹಿಂದೆಳೆಯುವ ಕ್ರಮಕ್ಕೇ ಮರಳಬೇಕಾಯಿತು. ಒಂದು ಕಡೆ ಉಳಿಸಿದ ಶ್ರಮವನ್ನು ಇನ್ನೊಂದು ಕಡೆ ತೆರಬೇಕಾಗುತ್ತದೆ ಎಂಬುದನ್ನು ಇಂಜಿನಿಯರಿಂಗ್ ಓದುವವರು ನೆನಪಿಟ್ಟುಕೊಳ್ಳಿ.

ಈ ಫಿರಂಗಿಯ ಮುಖ್ಯ ಕೆಲಸ ಶತ್ರುವಿನ ಫಿರಂಗಿಗಳ ಬಾಯಿ ಮುಚ್ಚಿಸುವುದು. ಆದರೆ ಆ ಫಿರಂಗಿಗಳು ಇದ್ದದ್ದು ಗುಡ್ಡದ ಹಿಂದೆ, ಕಾಡಿನ ಮರೆಯಲ್ಲಿ. ಕಾಣದ ಗುರಿಗೆ ಹೊಡೆಯುವುದು ಹೇಗೆ? 1916ರ ಜುಲೈ 1ರಂದು, ಏಳು ದಿನಗಳ ಸತತ ಗುಂಡಿನ ಮಳೆಯ ನಂತರ, ಬ್ರಿಟಿಷ್ ಕಾಲಾಳುಗಳು ಸೋಮ್ ನದಿಯ ಬಯಲಿನಲ್ಲಿ ಮುನ್ನುಗ್ಗಿದರು. ಜರ್ಮನರ ಎಷ್ಟೋ ಫಿರಂಗಿಗಳೂ ಮೆಷಿನ್‌ಗನ್‌ಗಳೂ ಉಳಿದೇ ಇದ್ದವು. ಆ ಒಂದೇ ದಿನ ಹತ್ತೊಂಬತ್ತು ಸಾವಿರಕ್ಕೂ ಹೆಚ್ಚು ಬ್ರಿಟಿಷ್ ಸೈನಿಕರು ಪ್ರಾಣ ಕಳೆದುಕೊಂಡರು. ಉಕ್ಕು ಮತ್ತು ಮದ್ದಿಗೆ ಕೊರತೆ ಇರಲಿಲ್ಲ, ಗುರಿ ಎಲ್ಲಿದೆ ಎಂಬ ತಿಳಿವಳಿಕೆಗೆ ಕೊರತೆ ಇತ್ತು.

ಆ ತಿಳಿವಳಿಕೆಯನ್ನು ಒದಗಿಸಿದವರಲ್ಲಿ ಪ್ರಮುಖರು ಲಾರೆನ್ಸ್ ಬ್ರ್ಯಾಗ್ ಎಂಬ ಯುವ ವಿಜ್ಞಾನಿ. 1915ರಲ್ಲಿ ತಂದೆಯೊಡನೆ ಅವರಿಗೆ ನೊಬೆಲ್ ಪ್ರಶಸ್ತಿ ಬಂದಾಗ ಅವರ ವಯಸ್ಸು ಕೇವಲ 25. ಅದೇ ವರ್ಷ ಅವರ ತಮ್ಮ ಗಲಿಪೊಲಿಯಲ್ಲಿ ಮಡಿದಿದ್ದರು. ಫ್ರಾನ್ಸಿನ ರಣರಂಗದಲ್ಲಿ ಬ್ರ್ಯಾಗ್ ಕೈಗೆತ್ತಿಕೊಂಡದ್ದು ಸದ್ದಿನಿಂದ ಫಿರಂಗಿಯನ್ನು ಪತ್ತೆ ಹಚ್ಚುವ ಕೆಲಸ. ಇದರ ತತ್ವ ಹೈಸ್ಕೂಲಿನ ನಿಮಗೂ ಅರ್ಥವಾಗುತ್ತದೆ. ಸದ್ದು ಒಂದು ಸೆಕೆಂಡಿನಲ್ಲಿ ಸುಮಾರು 340 ಮೀಟರ್ ಚಲಿಸುತ್ತದೆ. ಎರಡು ಮೈಕ್ರೋಫೋನುಗಳಲ್ಲಿ ಒಂದಕ್ಕೆ ಸದ್ದು ಒಂದು ಸೆಕೆಂಡು ಮೊದಲೇ ತಲುಪಿದರೆ, ಫಿರಂಗಿ ಅದಕ್ಕೆ 340 ಮೀಟರ್ ಹತ್ತಿರವಿದೆ ಎಂದಾಯಿತು. ಇದರಿಂದ ನಕ್ಷೆಯ ಮೇಲೆ ಒಂದು ವಕ್ರರೇಖೆ ಎಳೆಯಬಹುದು. ಮೂರನೆಯ ಮೈಕ್ರೋಫೋನು ಇನ್ನೊಂದು ರೇಖೆ ಕೊಡುತ್ತದೆ. ಎರಡೂ ಸೇರುವ ಜಾಗದಲ್ಲಿ ಫಿರಂಗಿ ಇದೆ.

ಹೇಳುವುದು ಸುಲಭ, ಮಾಡುವುದು ಕಷ್ಟ. ಬಂದೂಕಿನ ಸದ್ದು, ಗಾಡಿಯ ಸದ್ದು, ಹಾರುವ ಗುಂಡಿನ ಸೀಳುಸದ್ದು ಎಲ್ಲವೂ ಮೈಕ್ರೋಫೋನಿಗೆ ಬೀಳುತ್ತಿದ್ದವು. ಫಿರಂಗಿಯ ನಿಜವಾದ ಸದ್ದಾದರೋ ಬಹಳ ಮಂದ್ರ. ಬ್ರ್ಯಾಗ್ ತಂಡದ ಟಕರ್ ಎಂಬುವರು ಮಲಗುತ್ತಿದ್ದ ಗುಡಿಸಲಿನ ಗೋಡೆಯಲ್ಲಿ ತೂತುಗಳಿದ್ದವು. ದೂರದಲ್ಲಿ ಫಿರಂಗಿ ಸಿಡಿದಾಗಲೆಲ್ಲ ಅವುಗಳಿಂದ ತಣ್ಣನೆಯ ಗಾಳಿ ಮುಖಕ್ಕೆ ತಾಗುತ್ತಿತ್ತು. ಟಕರ್ ಅದನ್ನು ಗಮನಿಸಿದರು. ಒಂದು ಪೆಟ್ಟಿಗೆಯ ತೂತಿನಲ್ಲಿ ಕಾಯಿಸಿದ ಸಣ್ಣ ಪ್ಲಾಟಿನಂ ತಂತಿಯನ್ನಿಟ್ಟರೆ ಆ ಗಾಳಿಗೆ ತಂತಿ ತಣ್ಣಗಾಗಿ, ಅದರ ವಿದ್ಯುತ್ ರೋಧ ಬದಲಾಗುತ್ತದೆ. ಆ ಬದಲಾವಣೆಯನ್ನು ಫಿಲ್ಮಿನ ಮೇಲೆ ದಾಖಲಿಸಬಹುದು. 1916ರಲ್ಲಿ ಬಳಕೆಗೆ ಬಂದ ಈ ಉಪಕರಣ ಮಂದ್ರ ಸದ್ದನ್ನು ಮಾತ್ರ ಹಿಡಿಯಿತು, ಉಳಿದ ಗದ್ದಲವನ್ನು ಬಿಟ್ಟುಬಿಟ್ಟಿತು.

ಇದರೊಂದಿಗೆ ಇತರ ಲೆಕ್ಕಗಳೂ ಸೇರಿದವು. ಗಾಳಿಯ ವೇಗ ಮತ್ತು ಉಷ್ಣತೆಯ ವರದಿ ಫಿರಂಗಿದಳಕ್ಕೆ ಬರತೊಡಗಿತು. ಸವೆದ ನಳಿಗೆಯಿಂದ ಗುಂಡು ನಿಧಾನವಾಗಿ ಹೊರಡುತ್ತದಾದ್ದರಿಂದ ಪ್ರತಿ ಫಿರಂಗಿಯ ವೇಗವನ್ನೂ ಬೇರೆ ಬೇರೆಯಾಗಿ ಅಳೆದರು. ವಿಮಾನಗಳು ಮೇಲಿನಿಂದ ಫೋಟೋ ತೆಗೆದವು. ಫಲಿತಾಂಶ ಕಂಡದ್ದು 1918ರ ಆಗಸ್ಟ್ 8ರಂದು, ಅಮಿಯಾನ್ಸ್‌ನಲ್ಲಿ. ದಾಳಿಗೆ ಮೊದಲೇ ಅಲ್ಲಿನ ಸುಮಾರು 530 ಜರ್ಮನ್ ಫಿರಂಗಿಗಳಲ್ಲಿ 504ರ ಸ್ಥಾನ ನಕ್ಷೆಯಲ್ಲಿ ಗುರುತಾಗಿತ್ತು. ಎರಡು ವರ್ಷಗಳ ಹಿಂದೆ ಸೋಮ್‌ನಲ್ಲಿದ್ದ ಅದೇ ಅರವತ್ತು ಪೌಂಡರ್‌ಗಳು ಇಲ್ಲಿಯೂ ಇದ್ದವು. ಈ ಸಲ ಎಲ್ಲಿ ಹೊಡೆಯಬೇಕೆಂದು ಅವಕ್ಕೆ ಗೊತ್ತಿತ್ತು.

ಈ ಫಿರಂಗಿ ಗಲಿಪೊಲಿ, ಮೆಸೊಪೊಟೇಮಿಯ, ಪ್ಯಾಲೆಸ್ತೀನ್‌ಗಳಲ್ಲೂ ಸೇವೆಯಲ್ಲಿತ್ತು. 1918ರ ಸೆಪ್ಟೆಂಬರ್ 19ರಂದು ಪ್ಯಾಲೆಸ್ತೀನಿನ ಕರಾವಳಿಯ ಬಯಲಿನಲ್ಲಿ ತುರ್ಕಿ ಸೈನ್ಯದ ಸಾಲನ್ನು ಒಡೆದ ದಾಳಿಯಲ್ಲಿ ಇವೂ ಇದ್ದವು. ಹಾಗೆ ತೆರೆದ ದಾರಿಯಲ್ಲಿ ಮುಂದೆ ಸಾಗಿದ ಅಶ್ವದಳಗಳಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಸಹ ಇದ್ದರು. ಅವರು ಸೆಪ್ಟೆಂಬರ್ 23ರಂದು ಹೈಫಾ ಕಾಳಗದಲ್ಲಿ ಹೋರಾಡಿದರು. ಅವರ ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದಲ್ಲಿದೆ.

1918ರಲ್ಲಿ ಬಂದ ಎರಡನೆಯ ಮಾದರಿ ಸುಮಾರು 14 ಕಿಲೋಮೀಟರ್ ದೂರ ಹೊಡೆಯಬಲ್ಲದಾಗಿತ್ತು. ಎರಡನೆಯ ಮಹಾಯುದ್ಧದ ಹೊತ್ತಿಗೆ ಹಲವು ಗಾಡಿಗಳ ಮೇಲೆ 4.5 ಅಂಗುಲದ ಹೊಸ ನಳಿಗೆಗಳನ್ನು ಕೂರಿಸಲಾಯಿತು. ಉಳಿದವು ಆಫ್ರಿಕಾದ ರಂಗದಲ್ಲಿ ಕೊನೆಯ ಬಾರಿ ಗರ್ಜಿಸಿ, 1944ರ ವೇಳೆಗೆ ನಿವೃತ್ತಿ ಹೊಂದಿದವು.

ಮಿತ್ರರೇ, ಒಂದು ಪ್ರಶ್ನೆಯನ್ನು ನಿಮ್ಮ ಮುಂದಿಡದೆ ನಾನು ಕುಳಿತುಕೊಳ್ಳಬಾರದು. ಕೊಲ್ಲುವ ಯಂತ್ರ ಚೆನ್ನಾಗಿ ಕೊಲ್ಲುವಂತಾಯಿತು ಎಂಬುದು ಸಂತೋಷಪಡುವ ಸಂಗತಿಯೇ? ಗುರಿ ನಿಖರವಾದದ್ದರಿಂದ ಒಂದು ಪಕ್ಷದ ಕಾಲಾಳುಗಳು ಬದುಕಿದರು, ಇನ್ನೊಂದು ಪಕ್ಷದ ಫಿರಂಗಿಯವರು ಸತ್ತರು. ಅವರೂ ಯಾರದೋ ಮನೆಯ ಮಕ್ಕಳೇ. ವಿದ್ಯೆ ತಾನಾಗಿ ದಾರಿ ಆರಿಸಿಕೊಳ್ಳುವುದಿಲ್ಲ, ವಿದ್ಯಾವಂತನೇ ಆರಿಸಬೇಕು. ಬ್ರ್ಯಾಗ್ ಯುದ್ಧ ಮುಗಿದ ಮೇಲೆ ಹರಳುಗಳ ಅಧ್ಯಯನಕ್ಕೆ ಹಿಂದಿರುಗಿದರು. 1953ರಲ್ಲಿ ಕೇಂಬ್ರಿಡ್ಜಿನ ಕ್ಯಾವೆಂಡಿಷ್ ಪ್ರಯೋಗಾಲಯದಲ್ಲಿ ವಾಟ್ಸನ್ ಮತ್ತು ಕ್ರಿಕ್ ಡಿ.ಎನ್.ಎ. ರಚನೆಯನ್ನು ಬಿಡಿಸಿದಾಗ ಅದರ ಮುಖ್ಯಸ್ಥರು ಇದೇ ಬ್ರ್ಯಾಗ್. ಅದಕ್ಕೆ ಆಧಾರವಾದ ಎಕ್ಸ್‌ರೇ ವಿಧಾನಕ್ಕೆ ತಳಹದಿ ಹಾಕಿದವರೂ ಅವರೇ. ಫಿರಂಗಿಯನ್ನು ಹುಡುಕಿದ ಬುದ್ಧಿಯೇ ಜೀವದ ಗುಟ್ಟನ್ನು ಹುಡುಕುವವರಿಗೂ ದಾರಿ ತೋರಿತು.

ನಿಮ್ಮ ಕೈಯಲ್ಲಿರುವ ಗಣಿತ, ಭೌತಶಾಸ್ತ್ರದ ಪುಸ್ತಕಗಳಲ್ಲಿ ಈ ಎರಡೂ ಶಕ್ತಿಗಳಿವೆ. ಮನಸ್ಸಿಟ್ಟು ಓದಿ, ಮತ್ತು ಓದಿದ್ದನ್ನು ಯಾವುದಕ್ಕೆ ಬಳಸುತ್ತೀರಿ ಎಂಬುದನ್ನೂ ಈಗಿನಿಂದಲೇ ಯೋಚಿಸಿ.