ಗಾಜಿನ ಕಟ್ಟಡವೂ ನಮ್ಮ ಬಾಂಡ್ಲಿಯೂ

(ವಿದ್ಯಾರ್ಥಿ ನಿಲಯದ ಗೆಳೆಯರ ಮುಂದೆ ಆಡಿದ ಮಾತುಗಳ ಬರಹರೂಪ)



ಪದ್ಯ ಓದಿ ಅಂತ ಕೇಳಿದಿರಿ. ಪದ್ಯ ಇನ್ನೊಂದು ದಿನಕ್ಕಿರಲಿ. ಇವತ್ತು ಕೂಲಿಯ ಲೆಕ್ಕ ಮಾತಾಡೋಣ. ಇಲ್ಲಿ ಕೂತಿರುವ ನಮ್ಮಲ್ಲಿ ಎಷ್ಟೋ ಜನರ ಅಪ್ಪ ಅವ್ವ ಈ ಹೊತ್ತು ಬೆಂಗಳೂರಿನ ಯಾವುದೋ ಅರೆಬರೆ ಕಟ್ಟಡದ ಪಕ್ಕ, ತಗಡಿನ ಶೆಡ್ಡಿನ ಮುಂದೆ ಒಲೆ ಹಚ್ಚುತ್ತಿದ್ದಾರೆ. ಪರೀಕ್ಷೆ ಮುಗಿದ ಮಾರನೇ ದಿನ ನಾವೂ ಬಸ್ಸು ಹತ್ತಿ ಅಲ್ಲಿಗೆ ಹೋಗುತ್ತೇವೆ. ಎರಡು ತಿಂಗಳು ಇಟ್ಟಿಗೆ ಮರಳು ಹೊತ್ತು ಮುಂದಿನ ವರ್ಷದ ಫೀಸು ಗಂಟು ಕಟ್ಟಿಕೊಂಡು ಬರುತ್ತೇವೆ. ಎಕನಾಮಿಕ್ಸ್ ಪುಸ್ತಕದಲ್ಲಿ ಇದಕ್ಕೆ 'ನಿರ್ಮಾಣ ವಲಯ' ಅಂತ ಹೆಸರು. ನಮ್ಮ ಕೇರಿಯಲ್ಲಿ ಇದಕ್ಕೆ ಗುಳೆ ಅಂತ ಹೆಸರು. ಎರಡೂ ಒಂದೇ ಅಂತ ಮೇಷ್ಟ್ರುಗಳು ಯಾರೂ ಹೇಳಿಕೊಡಲಿಲ್ಲ.

ಮೊದಲು ದುಡ್ಡಿನ ಮಾತು. ಬೆಂಗಳೂರಿನಲ್ಲಿ ಕಂಪನಿಗಳ ಆಫೀಸಿಗೆಂದೇ ಕಟ್ಟಿರುವ ಮೇಲ್ದರ್ಜೆಯ ಜಾಗ 20 ಕೋಟಿ ಚದರ ಅಡಿ ದಾಟಿದೆ. ದೇಶದ ಬೇರೆ ಯಾವ ಊರಿನಲ್ಲೂ ಇಷ್ಟಿಲ್ಲ. ಹೊರದೇಶದ ಕಂಪನಿಗಳು ತಮ್ಮ ಲೆಕ್ಕಪತ್ರ, ಸಾಫ್ಟ್‌ವೇರು, ಸಂಶೋಧನೆಗಳನ್ನು ಇಲ್ಲಿ ಮಾಡಿಸಿಕೊಳ್ಳುವುದಕ್ಕೆ ಕೇಂದ್ರಗಳನ್ನು ತೆರೆಯುತ್ತಿವೆ. ಜಿ.ಸಿ.ಸಿ. ಅಂತಾರೆ. 2024ರ ನವೆಂಬರಿನಲ್ಲಿ ರಾಜ್ಯ ಸರ್ಕಾರ ಇವಕ್ಕೆಂದೇ ಒಂದು ನೀತಿ ಹೊರಡಿಸಿತು. 2029ರೊಳಗೆ ಇನ್ನೂ 500 ಕೇಂದ್ರಗಳು, ಮೂರೂವರೆ ಲಕ್ಷ ಹೊಸ ಉದ್ಯೋಗಗಳು ಅನ್ನುತ್ತದೆ ಅದು. ಆ ಉದ್ಯೋಗಗಳು ಕುರ್ಚಿಯ ಮೇಲೆ ಕೂರುವವರದು. ಕುರ್ಚಿ ಹಾಕುವುದಕ್ಕೆ ನೆಲ ಬೇಕಲ್ಲ, ನೆಲದ ಕೆಳಗೆ ನಾಲ್ಕು ಅಂತಸ್ತು ಕಾರು ನಿಲ್ಲಿಸುವ ಗುಂಡಿ ಬೇಕಲ್ಲ, ಅದನ್ನು ತೋಡುವವರ ತಲೆಯೆಣಿಕೆ ಆ ಲೆಕ್ಕದಲ್ಲಿಲ್ಲ. ಅಂದರೆ ಕೆಲಸವಂತೂ ಇನ್ನೂ ಕೆಲವು ವರ್ಷ ಇರುತ್ತದೆ. ಇಲ್ಲ ಅಂತ ನಾವು ಹೇಳುವುದಿಲ್ಲ. ಯಾರಿಗೆ, ಯಾವ ಮೆಟ್ಟಿಲಿನಲ್ಲಿ ಅನ್ನುವುದೇ ನಮ್ಮ ಪ್ರಶ್ನೆ.

ಆಫೀಸು ಕಟ್ಟಡ ಮನೆಯಂತಲ್ಲ. ಬಹಳಷ್ಟನ್ನು ಬಾಡಿಗೆಗೆಂದೇ ಕಟ್ಟುತ್ತಾರೆ. 2019ರಲ್ಲಿ ಎಂಬಸಿ ಆಫೀಸ್ ಪಾರ್ಕ್ಸ್ ಅನ್ನುವ ರೀಟ್ ಷೇರುಪೇಟೆಗೆ ಬಂತು. ಈ ದೇಶದಲ್ಲಿ ಅದೇ ಮೊದಲು. ದೊಡ್ಡ ದೊಡ್ಡ ಕಟ್ಟಡಗಳ ಬಾಡಿಗೆಯನ್ನು ಚೂರು ಚೂರು ಮಾಡಿ, ಷೇರಿನ ಹಾಗೆ ಮಾರುವ ಏರ್ಪಾಡು ಇದು. ಹಂಚಲು ಉಳಿದ ಹಣದಲ್ಲಿ ನೂರಕ್ಕೆ 90 ಭಾಗವನ್ನು ಹಣ ಹಾಕಿದವರಿಗೆ ಕೊಡಲೇಬೇಕು ಅಂತ ಕಟ್ಟುನಿಟ್ಟಿನ ನಿಯಮವಿದೆ. ಕೊಡದಿದ್ದರೆ ಕೇಳಲಿಕ್ಕೆ ಸೆಬಿ ಇದೆ. ಭಾನುವಾರದ ಬಟವಾಡೆಯನ್ನು ಮೇಸ್ತ್ರಿ ಮುಂದಿನ ಭಾನುವಾರಕ್ಕೆ ತಳ್ಳಿದರೆ ಕೇಳುವವರು ಯಾರು?

ಸಾಲದ ಹಣದಲ್ಲಿ ಕಟ್ಟುವ ಬಿಲ್ಡರಿಗೆ ಒಂದೊಂದು ದಿನಕ್ಕೂ ಬಡ್ಡಿ ಬೀಳುತ್ತದೆ. ಆದ್ದರಿಂದ ಅವಸರ. ರಾತ್ರಿ ದೀಪ ಹಾಕಿ ಮೋಲ್ಡು ಹಾಕುತ್ತಾರೆ. ಕಂಪನಿಗಳ ಕಾಲು ತಣ್ಣಗಾದಾಗ, 2008ರಲ್ಲಿ ಆದ ಹಾಗೆ, ಅದೇ ಅವಸರದಲ್ಲಿ ಕೆಲಸ ನಿಲ್ಲುತ್ತದೆ. ನಿಂತಾಗ ಮೊದಲು ಮನೆಗೆ ಹೋಗುವುದು ಬಾಂಡ್ಲಿ ಹೊತ್ತವರು. 2020ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಲಾಕ್‌ಡೌನಿನಲ್ಲಿ ಕೂಲಿಯಿಲ್ಲದೆ ಒಂದೂವರೆ ತಿಂಗಳು ಶೆಡ್ಡಿನಲ್ಲಿ ಕೂತ ಬಿಹಾರ, ಒಡಿಶಾ, ಜಾರ್ಖಂಡದ ಕಾರ್ಮಿಕರು ಊರಿಗೆ ಹೊರಟರು. ಮೇ ಮೊದಲ ವಾರ ಮುಖ್ಯಮಂತ್ರಿ ಯಡಿಯೂರಪ್ಪನವರು ಬಿಲ್ಡರುಗಳ ಜೊತೆ ಸಭೆ ನಡೆಸಿದರು. ಆ ಬೆನ್ನಿಗೇ ಕಾರ್ಮಿಕರ ರೈಲುಗಳು ರದ್ದಾದವು. ದೇಶವೆಲ್ಲ ಉಗಿದ ಮೇಲೆ ಎರಡು ಮೂರು ದಿನದಲ್ಲಿ ಮತ್ತೆ ಬಿಟ್ಟರು. ಜೀತ ಹೋಯಿತು, ಕಾನೂನು ಬಂತು, 1976ರಲ್ಲೇ ಮುಗಿಯಿತು ಅಂತ ನಾವು ಪರೀಕ್ಷೆಯಲ್ಲಿ ಬರೆಯುತ್ತೇವೆ. ಆ ವಾರದ ಪೇಪರುಗಳನ್ನು ಒಮ್ಮೆ ಲೈಬ್ರರಿಯಲ್ಲಿ ತೆಗೆದು ಓದಿ.

ಇನ್ನು ದುಡಿಯುವವರ ಕಡೆ ಬರೋಣ. ಸರ್ಕಾರದ ಸಮೀಕ್ಷೆಯ ಪ್ರಕಾರ 2023-24ರಲ್ಲಿ ದೇಶದಲ್ಲಿ ದುಡಿಯುವ ನೂರು ಮಂದಿಯಲ್ಲಿ ಸುಮಾರು 46 ಮಂದಿ ಬೇಸಾಯದಲ್ಲಿ, ಸುಮಾರು 12 ಮಂದಿ ಕಟ್ಟಡ, ರಸ್ತೆ ಇಂಥ ಕೆಲಸದಲ್ಲಿ. ಹೊಲ ಬಿಟ್ಟವನಿಗೆ, ಅದಕ್ಕಿಂತ ಹೆಚ್ಚಾಗಿ ಹೊಲವೇ ಇಲ್ಲದವನಿಗೆ, ಮೊದಲು ಸಿಕ್ಕುವ ಬಾಗಿಲು ಇದು. ಓದು ಕೇಳುವುದಿಲ್ಲ. ಜಾತಿ ಕೇಳುವುದಿಲ್ಲ ಅಂತಲೂ ಹೇಳುತ್ತಾರೆ. ಕೇಳಬೇಕಾದ್ದೇನಿದೆ? ಯಾವ ಕೇರಿಯಿಂದ ಲಾರಿ ತುಂಬಿಸಿದೆ ಅಂತ ಮೇಸ್ತ್ರಿಗೆ ಗೊತ್ತೇ ಇರುತ್ತದೆ.

ಹಿಂದೆ ಬೆಂಗಳೂರಿನ ಕಟ್ಟಡಗಳಿಗೆ ತಮಿಳುನಾಡು, ಆಂಧ್ರದ ಕಡೆಯಿಂದ ಕುಟುಂಬ ಸಮೇತ ಬರುತ್ತಿದ್ದರು. ಪಾಲಮೂರು, ಅಂದರೆ ಮಹಬೂಬನಗರದ ಕೂಲಿಗಳು ಮುಂಗಡ ಪಡೆದು ಅಣೆಕಟ್ಟುಗಳಿಗೆ ಹೋಗುತ್ತಿದ್ದರು. ಕಲ್ಲು ಒಡೆಯುವುದು, ಮಣ್ಣು ತೆಗೆಯುವುದು ಭೋವಿಗಳ ಪಾಲು. ಆಮೇಲೆ ನಮ್ಮ ಯಾದಗಿರಿ, ರಾಯಚೂರು, ಕಲಬುರಗಿಯ ಜನ. ಈಗ ದೊಡ್ಡ ಕಾರ್ಪೊರೇಟ್ ಸೈಟಿಗೆ ಹೋಗಿ ನೋಡಿ, ಕನ್ನಡ ಕೇಳಿಸುವುದೇ ಕಡಿಮೆ. ಬಿಹಾರ, ಬಂಗಾಳ, ಒಡಿಶಾ, ಜಾರ್ಖಂಡ, ಅಸ್ಸಾಂ. ಇದಕ್ಕೆ ಆ ಬಡಪಾಯಿಗಳ ಮೇಲೆ ಸಿಟ್ಟು ಮಾಡುವ ಗೆಳೆಯರಿದ್ದಾರೆ. ಸಿಟ್ಟು ಅಲ್ಲಿ ಹಾಕಬೇಡಿ. ಯಾದಗಿರಿಯವನು ಹಬ್ಬಕ್ಕೆ ಹೋಗುತ್ತಾನೆ, ಬಿತ್ತನೆಗೆ ಹೋಗುತ್ತಾನೆ, ಹೆಂಡತಿ ಮಕ್ಕಳನ್ನು ಕರೆತರುತ್ತಾನೆ, ಜಗಳ ಬಂದರೆ ಊರವರನ್ನು ಕೂಡಿಸುತ್ತಾನೆ. ಎರಡು ಸಾವಿರ ಕಿಲೋಮೀಟರ್ ದೂರದಿಂದ ಒಬ್ಬನೇ ಬಂದ ಹುಡುಗನಿಗೆ ಭಾಷೆಯೂ ಇಲ್ಲ, ದಾರಿಯೂ ಇಲ್ಲ. ಬೇಲಿಯೊಳಗಿನ ಕಾಲೊನಿಯಲ್ಲಿ ಮಲಗಿ, ಹನ್ನೆರಡು ಗಂಟೆ ದುಡಿಯುತ್ತಾನೆ. ಅವನ ಅಸಹಾಯಕತೆಯನ್ನೇ ಕಂಪನಿ ಕೊಳ್ಳುವುದು.

ಇದರ ಜೊತೆಗೇ ಯಂತ್ರ ಬಂತು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಇದು ನಮ್ಮ ಅವ್ವಂದಿರ ವಿಷಯ. ಮೋಲ್ಡು ಹಾಕುವ ದಿನ ಮೊದಲು ಹೇಗಿರುತ್ತಿತ್ತು? ಸಾರುವೆಯ ಉದ್ದಕ್ಕೂ ಸಾಲುಗಟ್ಟಿ ನಿಂತು ಹೆಣ್ಣಾಳುಗಳು ಬಾಂಡ್ಲಿ ಕೈ ಬದಲಿಸುತ್ತಿದ್ದರು. ಬೆಳಗಿನಿಂದ ಸಂಜೆಯವರೆಗೆ ನಲವತ್ತು ಐವತ್ತು ಜನಕ್ಕೆ ಕೆಲಸ. ಈಗ ಕಾಂಕ್ರೀಟು ಬೇರೆಲ್ಲೋ ಕಲೆಸಿಕೊಂಡು ಲಾರಿಯಲ್ಲಿ ಬರುತ್ತದೆ. ಪಂಪು ಹದಿನೈದನೇ ಅಂತಸ್ತಿಗೆ ಎತ್ತಿ ಸುರಿಯುತ್ತದೆ. ಕಂಬಿಯನ್ನು ಕ್ರೇನು ಎತ್ತುತ್ತದೆ. ಗೋಡೆಯನ್ನೇ ಅಲ್ಯೂಮಿನಿಯಂ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ, ಇಟ್ಟಿಗೆಯೂ ಬೇಡ, ಗಾರೆಯೂ ಅಷ್ಟು ಬೇಡ. ಹೊರುವ ಕೆಲಸ ಹೋಯಿತು. ಹೊರುವುದು ಹೋದದ್ದಕ್ಕೆ ನಾವು ಅಳುವುದಿಲ್ಲ, ಕುತ್ತಿಗೆ ಮುರಿಯುವ ಕೆಲಸ ಅದು, ಹೋಗಲಿ. ಆದರೆ ಹೊರುತ್ತಿದ್ದವಳಿಗೆ ಆ ಪಂಪಿನ ಗುಂಡಿ ಒತ್ತಲು ಯಾರೂ ಕಲಿಸಲಿಲ್ಲ. ಇಪ್ಪತ್ತು ವರ್ಷ ಗಾರೆ ಕಲೆಸಿಕೊಟ್ಟ ಹೆಣ್ಣಿಗೆ ಒಮ್ಮೆಯೂ ಕರಣೆ ಕೊಡಲಿಲ್ಲ. ಗಂಡಾಳು ಮೂರು ವರ್ಷದಲ್ಲಿ ಮೇಸ್ತ್ರಿಯಾಗುತ್ತಾನೆ, ಹೆಣ್ಣಾಳು ಸಾಯುವತನಕ ಹೆಣ್ಣಾಳೇ. ದೊಡ್ಡ ಸೈಟಿನಲ್ಲಿ ಈಗ ಅವಳಿಗೆ ಸಿಕ್ಕುವುದು ಕಸ ಗುಡಿಸುವುದು, ಕ್ಯೂರಿಂಗಿಗೆ ನೀರು ಹಿಡಿಯುವುದು. ಉಳಿದವರು ಸಣ್ಣ ಮನೆ ಕೆಲಸಕ್ಕೆ, ಬೆಳಿಗ್ಗೆ ಸರ್ಕಲ್ಲಿನಲ್ಲಿ ಬುತ್ತಿ ಹಿಡಿದು ನಿಲ್ಲುವುದಕ್ಕೆ. ಜಾತಿಯ ಏಣಿಯಲ್ಲಿ ಕೆಳಗಿನವರು ಮೇಲೆ ಹತ್ತದ ಹಾಗೆ ನೋಡಿಕೊಂಡವರ ಬಗ್ಗೆ ನಾವು ದಿನಾ ಮಾತಾಡುತ್ತೇವೆ. ನಮ್ಮ ಗಂಡಸರೂ ಒಂದು ಏಣಿ ಇಟ್ಟುಕೊಂಡಿದ್ದಾರೆ.

ಇತ್ತ ಉದ್ಯಮದವರ ಗೋಳು ಏನು ಗೊತ್ತೇ? ಕುಶಲ ಕಾರ್ಮಿಕರು ಸಿಕ್ಕುತ್ತಿಲ್ಲವಂತೆ. 2025ರ ಫೆಬ್ರವರಿಯಲ್ಲಿ ಎಲ್ ಅಂಡ್ ಟಿ ಕಂಪನಿಯ ಮುಖ್ಯಸ್ಥರು ಹೇಳಿದರು, ಸರ್ಕಾರದ ಯೋಜನೆಗಳಿಂದಾಗಿ ಕಾರ್ಮಿಕರು ಊರು ಬಿಟ್ಟು ಬರಲು ಒಪ್ಪುತ್ತಿಲ್ಲ ಅಂತ. ಹೊಟ್ಟೆ ಸ್ವಲ್ಪ ತುಂಬಿದರೆ ಕೂಲಿಯವನು ಎರಡು ಮಾತು ಯೋಚಿಸುತ್ತಾನೆ ಅನ್ನುವುದು ಅವರ ದೂರು. ಅದು ನಮಗೆ ಸಂತೋಷದ ಸುದ್ದಿ. ಕೆಲಸಗಾರ ಸಿಕ್ಕದಿದ್ದರೆ ಕೂಲಿ ಏರಿಸಿ ನೋಡಲಿ. 2024ರ ಆರಂಭದಲ್ಲಿ ಇಸ್ರೇಲಿಗೆ ಕಂಬಿ ಕಟ್ಟುವವರು, ಪ್ಲಾಸ್ಟರಿಂಗ್ ಮಾಡುವವರು ಬೇಕು ಅಂದಾಗ ಹರಿಯಾಣ, ಉತ್ತರ ಪ್ರದೇಶದಲ್ಲಿ ಸಾವಿರಾರು ಜನ ಸಾಲು ನಿಂತರು. ಅಲ್ಲಿ ಯುದ್ಧ ನಡೆಯುತ್ತಿತ್ತು. ತಿಂಗಳಿಗೆ 1 ಲಕ್ಷದ 37 ಸಾವಿರ ರೂಪಾಯಿ ಅಂದಿದ್ದರು. ಅದೇ ಕೈ, ಅದೇ ಕಂಬಿ.

ಮೇಲಿನಿಂದ ಕೆಳಗೆ ಎಷ್ಟು ಕೈ ದಾಟಿ ಕೂಲಿ ಬರುತ್ತದೆ ಅನ್ನುವುದನ್ನೂ ನೋಡಬೇಕು. ಮಾಲೀಕ, ದೊಡ್ಡ ಕಂಟ್ರಾಕ್ಟರು, ಅವನ ಕೆಳಗೆ ಸಬ್ ಕಂಟ್ರಾಕ್ಟರು, ಅವನ ಕೆಳಗೆ ಲೇಬರ್ ಕಂಟ್ರಾಕ್ಟರು, ಕೊನೆಗೆ ಮೇಸ್ತ್ರಿ. ಒಬ್ಬೊಬ್ಬನೂ ಒಂದು ಹಿಡಿ ತೆಗೆದುಕೊಳ್ಳುತ್ತಾನೆ. ಇದು ಹೊಸದಲ್ಲ. 1982ರಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟಕ್ಕೆ ಕಟ್ಟಡಗಳನ್ನು ಕಟ್ಟುವಾಗ ಕನಿಷ್ಠ ಕೂಲಿ ದಿನಕ್ಕೆ 9 ರೂಪಾಯಿ 25 ಪೈಸೆ. ಜಮಾದಾರರು ಒಂದು ರೂಪಾಯಿ ಹಿಡಿದುಕೊಂಡು 8 ರೂಪಾಯಿ 25 ಪೈಸೆ ಕೊಡುತ್ತಿದ್ದರು. ಆ ಒಂದು ರೂಪಾಯಿ ಸುಪ್ರೀಂ ಕೋರ್ಟಿನ ತನಕ ಹೋಯಿತು. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆ ಅಂತ ನ್ಯಾಯಮೂರ್ತಿ ಭಗವತಿಯವರ ಪೀಠ ಹೇಳಿತು. ಬಾಬಾಸಾಹೇಬರು ಬರೆದ ಆ ವಿಧಿಯನ್ನು ನೀವು ಬಾಯಿಪಾಠ ಮಾಡಿದ್ದೀರಿ. ಅದು ಮೇಸ್ತ್ರಿಯ ಜೇಬಿನವರೆಗೆ ತಲುಪುತ್ತದೆ ಅನ್ನುವುದು ತಿಳಿದಿರಲಿ.

ಈಗ ನಮ್ಮ ಹಣದ ವಿಷಯ. 1996ರ ಕಾಯ್ದೆಯ ಪ್ರಕಾರ ಕಟ್ಟಡ ಕಟ್ಟಿಸುವವನು ಜಾಗದ ಬೆಲೆ ಬಿಟ್ಟು ಕಟ್ಟುವ ಖರ್ಚಿನಲ್ಲಿ ನೂರಕ್ಕೆ ಒಂದು ರೂಪಾಯಿ ಸೆಸ್ ಕೊಡಬೇಕಿತ್ತು. 100 ಕೋಟಿಯ ಕಟ್ಟಡಕ್ಕೆ 1 ಕೋಟಿ. ಅದು ಕಾರ್ಮಿಕರ ಕಲ್ಯಾಣಕ್ಕೆ ಮಾತ್ರ. ಕರ್ನಾಟಕದಲ್ಲಿ ನಿಯಮ ಬಂದದ್ದು 2006ಕ್ಕೆ, ಮಂಡಳಿ ಬಂದದ್ದು 2007ಕ್ಕೆ. ಹನ್ನೊಂದು ವರ್ಷ, ಐಟಿ ಕಟ್ಟಡಗಳು ಸಾಲು ಸಾಲು ಎದ್ದ ಕಾಲ, ಹಾಗೇ ಹೋಯಿತು. ಆಮೇಲೆ ಸಾವಿರಾರು ಕೋಟಿ ಸೇರಿತು. ಹಣ ಸೇರಿದ ಮೇಲೆ ನೊಣಗಳೂ ಸೇರಿದವು. ಈ ಹಣದಲ್ಲಿ ಲ್ಯಾಪ್‌ಟಾಪು, ವಾಷಿಂಗ್ ಮೆಷಿನ್ನು ಕೊಂಡ ಸಂಗತಿ 2017ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಬಂತು. ಶೆಡ್ಡಿನಲ್ಲಿ ಕುಡಿಯುವ ನೀರಿಗೆ ಟ್ಯಾಂಕರು ಕಾಯುವವಳಿಗೆ ವಾಷಿಂಗ್ ಮೆಷಿನ್ನು! ನಮ್ಮ ರಾಜ್ಯದಲ್ಲಿ ಬಾಂಡ್ಲಿ ಮುಟ್ಟದವರ ಹೆಸರಿಗೂ ಲೇಬರ್ ಕಾರ್ಡುಗಳಾದವು.

ಇದರಿಂದ ಪೆಟ್ಟು ಬಿದ್ದದ್ದು ಯಾರಿಗೆ? ಇಲ್ಲಿ ಕೂತವರಿಗೆ. ನೋಂದಾಯಿತ ಕಾರ್ಮಿಕರ ಮಕ್ಕಳ ಓದಿಗೆ ಮಂಡಳಿ ಸಹಾಯಧನ ಕೊಡುತ್ತದೆ. 2021ರಲ್ಲಿ ಒಂದು ದರ ಹೇಳಿ, 2023ರ ಅಕ್ಟೋಬರಿನಲ್ಲಿ ಅದನ್ನು ಬಹಳ ಕೆಳಗಿಳಿಸಿದರು. ಕಾರ್ಮಿಕರ ಮನೆಯ ವಿದ್ಯಾರ್ಥಿನಿಯರು ಹೈಕೋರ್ಟಿನ ಮೆಟ್ಟಿಲು ಹತ್ತಿದರು. ನಮ್ಮಂಥ ಹಾಸ್ಟೆಲಿನಲ್ಲಿ ಓದುವ ಹುಡುಗಿಯರು ಸರ್ಕಾರದ ಮೇಲೆ ಕೇಸು ಹಾಕಬಲ್ಲರು ಅನ್ನುವುದನ್ನು ಗಂಡು ಹುಡುಗರು ಗಮನಿಸಬೇಕು.

2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಆ 1996ರ ಕಾಯ್ದೆ ಅವುಗಳಲ್ಲಿ ಕರಗಿತು. ಸೆಸ್ ಉಳಿದಿದೆ, ಒಂದರಿಂದ ಎರಡು ರೂಪಾಯಿ ತನಕ. ಆದರೆ ಎಷ್ಟು ಸೆಸ್ ಅಂತ ಇನ್ನು ಕಟ್ಟಿಸುವವನೇ ಲೆಕ್ಕ ಹಾಕಿ ಹೇಳಬೇಕು. ಗುತ್ತಿಗೆ ಕಾರ್ಮಿಕರ ರಕ್ಷಣೆ ಮೊದಲು 20 ಜನರಿದ್ದ ಗುತ್ತಿಗೆದಾರನಿಗೆ ಅನ್ವಯಿಸುತ್ತಿತ್ತು, ಈಗ 50 ಜನರಿರಬೇಕು. 49 ಜನರ ಮೇಸ್ತ್ರಿಗಳು ಎಷ್ಟು ಹುಟ್ಟುತ್ತಾರೋ ನೋಡುತ್ತಿರಿ.

ಸಾವಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ವಾಣಿಜ್ಯ ಸಂಕೀರ್ಣ ಕುಸಿದು 19 ಜನ ಸತ್ತರು. 2024ರ ಅಕ್ಟೋಬರಿನಲ್ಲಿ ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ 9 ಜನ. ಒಬ್ಬೊಬ್ಬರಾಗಿ ಸಾರುವೆಯಿಂದ ಬಿದ್ದವರು ಪೇಪರಿನಲ್ಲಿ ಎರಡು ಸಾಲು. ಕಾರ್ಡು ಇದ್ದವರ ಮನೆಗೆ ಪರಿಹಾರ ಬರುತ್ತದೆ. ಕಾರ್ಡು ಇಲ್ಲದಿದ್ದರೆ ಅವನು ಅಲ್ಲಿ ಕೆಲಸ ಮಾಡುತ್ತಿದ್ದ ಅನ್ನುವುದನ್ನೇ ಹೆಂಡತಿ ಸಾಬೀತು ಮಾಡಬೇಕು.

ಬಾಬಾಸಾಹೇಬರು 1942ರಲ್ಲಿ ವೈಸ್‌ರಾಯರ ಕೌನ್ಸಿಲಿನಲ್ಲಿ ಕಾರ್ಮಿಕ ಸದಸ್ಯರಾದಾಗ ಕೇಂದ್ರದ ಲೋಕೋಪಯೋಗಿ ಕೆಲಸವೂ ಅವರ ಇಲಾಖೆಯಲ್ಲೇ ಇತ್ತು. ಸರ್ಕಾರಿ ಗುತ್ತಿಗೆಗಳಲ್ಲಿ ನಮಗೆ ಪಾಲಿಲ್ಲದ್ದನ್ನು ಅವರು ಆಗಲೇ ಎತ್ತಿದ್ದರು. ಅದು ಕರ್ನಾಟಕದಲ್ಲಿ ಕಾನೂನಾಗಲು ಎಪ್ಪತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು. ಸರ್ಕಾರಿ ಕಾಮಗಾರಿಯಲ್ಲಿ ಪರಿಶಿಷ್ಟ ಜಾತಿಗೆ ನೂರಕ್ಕೆ 17.15, ಪಂಗಡಕ್ಕೆ 6.95. ಮೊದಲು 50 ಲಕ್ಷದ ಕೆಲಸದವರೆಗೆ, 2023ರಲ್ಲಿ 1 ಕೋಟಿಯವರೆಗೆ. ಗಾಜಿನ ಕಟ್ಟಡಗಳಿಗೆ ಇದು ಯಾವುದೂ ಇಲ್ಲ, ಅವು ಖಾಸಗಿ. ಅಲ್ಲಿ ನಾವು ನುಗ್ಗಬೇಕಾದ್ದು ಬೇರೆ ಬಾಗಿಲಿನಿಂದ. ಕ್ರೇನು ನಡೆಸುವವನು, ಸರ್ವೇಯರು, ಎಲೆಕ್ಟ್ರಿಷಿಯನ್ನು, ಸೇಫ್ಟಿ ಸೂಪರ್‌ವೈಸರು, ಬಿಲ್ಲು ಬರೆಯುವ ಎಂಜಿನಿಯರು. ಬಿ.ಎ. ಓದುವುದು ತಪ್ಪಲ್ಲ, ನಾವೂ ಅದನ್ನೇ ಓದಿದ್ದು. ಆದರೆ ಊರಿನಲ್ಲಿ ಹತ್ತನೇ ಕ್ಲಾಸು ಫೇಲಾಗಿ ಬೆಂಗಳೂರಿನ ಬಸ್ಸು ಹತ್ತಲು ನಿಂತಿರುವ ತಮ್ಮನನ್ನು ಐಟಿಐಗೆ ಸೇರಿಸಿ. ತಂಗಿಯನ್ನೂ.

ಈ ರಜೆಯಲ್ಲಿ ಸೈಟಿಗೆ ಹೋಗುವವರು ಎರಡು ರೂಪಾಯಿಯ ಪೆನ್ನು, ಒಂದು ನೋಟ್‌ಬುಕ್ಕು ಜೊತೆಗಿಟ್ಟುಕೊಳ್ಳಿ. ಮಂಡಳಿಯ ನೋಂದಣಿಗೆ ವಯಸ್ಸು 18ರಿಂದ 60, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕೆಲಸ ಮಾಡಿದ್ದಕ್ಕೆ ಪತ್ರ ಬೇಕು. ಮೇಸ್ತ್ರಿ ಸಹಿ ಹಾಕಲು ಸತಾಯಿಸುತ್ತಾನೆ, ಆಗ ಬರೆದಿಟ್ಟ ಲೆಕ್ಕ ಕೆಲಸಕ್ಕೆ ಬರುತ್ತದೆ. ದಿನಾಂಕ, ಕಟ್ಟಡ, ಯಾರ ಕೆಳಗೆ ಕೆಲಸ, ಎಷ್ಟು ಗಂಟೆ, ಎಷ್ಟು ಕೊಟ್ಟರು, ಎಷ್ಟು ಹಿಡಿದುಕೊಂಡರು. ಓದು ಬರದವರ ಲೆಕ್ಕವನ್ನೂ ನೀವೇ ಬರೆಯಿರಿ, ಹಿಂದಿ ಮಾತಾಡುವ ಪಕ್ಕದ ಶೆಡ್ಡಿನವರದನ್ನೂ. ಅಪ್ಪನ ಕಾರ್ಡು ಇದ್ದರೆ ಸಾಕು ಅಂದುಕೊಳ್ಳಬೇಡಿ, ಅವ್ವನ ಹೆಸರಿಗೆ ಬೇರೆ ಕಾರ್ಡು ಮಾಡಿಸಿ. ಅವಳೂ 90 ದಿನ ಹೊತ್ತಿದ್ದಾಳೆ. ಜೂನಿನಲ್ಲಿ ಹಾಸ್ಟೆಲು ತೆರೆದ ಮೇಲೆ ನೋಟ್‌ಬುಕ್ಕುಗಳನ್ನು ತನ್ನಿ, ಒಟ್ಟಿಗೆ ಕೂತು ಅರ್ಜಿ ತುಂಬೋಣ.